ಇದಕ್ಕೆ ಎಷ್ಟು ಕೆಮ್ಮು?

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಮಂಡಿನೋವಿನ ಮಹಾರಾಣಿಯೂ ನನ್ನ ಪ್ರೀತಿಯ ಅಜ್ಜಿಯೂ ಆದ ನಿನ್ನ ಬಲಪಾದಕ್ಕೆ ಮೊಮ್ಮಗಳ ಸಾಷ್ಟಾಂಗ ನಮಸ್ಕಾರಗಳು. (ಎಡಪಾದ ಊದಿಕೊಂಡಿದೆ ಎಂದು ದೊಡ್ಡಪ್ಪ ಹೇಳಿದರು. ಅದನ್ನು ಮುಟ್ಟಿ ಬೈಸಿಕೊಳ್ಳುವ ಧೈರ್ಯ ನನಗಿಲ್ಲ.)

"ಈ ಚಳಿಗಾಲ ಮುಗಿಯೋದ್ರೊಳಗೆ ನಿನ್ನ ಚಿಕ್ಕಪ್ಪ ಆ ದನದ ಡಾಕ್ಟರಮ್ಮನ ಹತ್ರ ಬಾಯಿಬಿಟ್ಟು ಕೇಳದಿದ್ರೆ, ನಾನೇ ಕೋಲೂರಿಕೊಂಡು ಬಂದು ಕೇಳ್ತೀನಿ" ಎಂದು ನೀನು ಫೋನಿನಲ್ಲಿ ಗುಡುಗಿದ್ದೆ. ಅಂದಿನಿಂದ ನಿನ್ನ ಕಿರಿಮಗನಿಗೆ ಅನ್ನ ಸೇರುತ್ತಿಲ್ಲ. ಎಂದರೆ, ಮೂರನೆಯ ಸಲ ಬಡಿಸಿಕೊಳ್ಳುತ್ತಿಲ್ಲ. ಅವನ ಭಯಕ್ಕೂ ಕಾರಣವಿದೆ. ಹಿಂದೊಮ್ಮೆ ಅವನಿಗೆ ಹೆಣ್ಣು ಕೇಳಲು ಹೋದ ನೀನು, ಅವನು ಶಾಲೆಗೆ ಸೇರಿದ ಮೇಲೂ ಹಾಸಿಗೆ ಒದ್ದೆ ಮಾಡುತ್ತಿದ್ದ ಪ್ರಸಂಗವನ್ನು ಹುಡುಗಿಯ ಎದುರಿಗೇ ಸವಿಸ್ತಾರವಾಗಿ ವರ್ಣಿಸಿ ಬಂದೆಯಲ್ಲ!

ಆದಕಾರಣ, ಈ ದಿನ ಬೆಳಿಗ್ಗೆ ಅಳಿವೆಯ ದಂಡೆಯಲ್ಲಿ ನಡೆದದ್ದನ್ನು ಪೊದೆಯೊಳಗಿಂದ ಕಣ್ಣಾರೆ ಕಂಡ ಏಕೈಕ ಸಾಕ್ಷಿಯಾಗಿ ನಿನ್ನ ಸನ್ನಿಧಾನಕ್ಕೆ ವರದಿ ಒಪ್ಪಿಸುತ್ತಿದ್ದೇನೆ.

ಚಳಿ ಬಿತ್ತೆಂದರೆ ನಮ್ಮೂರಲ್ಲಿ ಮನೆಯೊಳಗೆ ಯಾರೂ ಕೂರುವುದಿಲ್ಲ, ನಿನಗೆ ಗೊತ್ತೇ ಇದೆ. ನದಿ ಕಡಲು ಸೇರುವಲ್ಲಿನ ಕೆಸರುಬಯಲಿಗೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದಿಳಿಯುತ್ತವೆ. ಅವನ್ನು ನೋಡಲು ಚಾಪೆ, ಫ್ಲಾಸ್ಕು, ಮಂಕಿಟೋಪಿ ಸಮೇತ ಊರೂ ಬಂದಿಳಿಯುತ್ತದೆ. ಬ್ಯಾಂಕಿನ ಮ್ಯಾನೇಜರು ಪ್ಯಾಂಟು ಮಡಚಿಕೊಂಡು ಏಡಿಯ ಹಿಂದೆ ಓಡುತ್ತಾರೆ. ಏಡಿ ತಿರುಗಿ ನಿಂತರೆ ಏಡಿಯ ಮುಂದೆ ಓಡುತ್ತಾರೆ. ಈ ಸಂಭ್ರಮಕ್ಕೆಲ್ಲ ನಮ್ಮ ಡಾಕ್ಟರಮ್ಮನೇ ಮುಂದಾಳು.

ಮೊನ್ನೆ ಅವರು ದೋಣಿ ಕೇಳಲು ಚಿಕ್ಕಪ್ಪನ ಇಂಜಿನ್ ರಿಪೇರಿ ಶೆಡ್ಡಿಗೆ ಬಂದರು. ಮಾತಿಗೆ ಮಾತು ಬಂದು, ನಿಮಗೂ ಹಕ್ಕಿ ಅಂದರೆ ಇಷ್ಟವೇ ಎಂದು ಕೇಳಿದರಂತೆ. ನಿನ್ನ ಸುಪುತ್ರ, ಕೈಗೆ ಮೆತ್ತಿದ್ದ ಗ್ರೀಸನ್ನು ಮುಖಕ್ಕೆ ಒರೆಸಿಕೊಳ್ಳುತ್ತ, "ಚಿಕ್ಕಂದಿನಿಂದ್ಲೂ ಹುಚ್ಚು ರೀ" ಅಂದುಬಿಟ್ಟ. ಅಜ್ಜಿ, ಅವನಿಗೆ ಗೊತ್ತಿರುವ ಹಕ್ಕಿಗಳು ಎರಡು: ಕಾಗೆ, ಕೋಳಿ. ಕೋಳಿಯನ್ನೂ ತಟ್ಟೆಗೆ ಬಡಿಸಿದರೆ ಮಾತ್ರ ಗುರುತು ಹಿಡಿಯುತ್ತಾನೆ. "ಹಾಗಾದ್ರೆ ಭಾನುವಾರ ನನ್ನ ಜೊತೆ ಬನ್ನಿ, ನಾನು ತಪ್ಪಿದ್ರೆ ತಿದ್ದಿ" ಎಂದು ಹೇಳಿ ಅವರು ಹೋದರು. ಇವನು ಬಂದು ನನ್ನ ಕಾಲು ಹಿಡಿದ.

ಶರಣು ಬಂದವರನ್ನು ಕೈಬಿಡಲಾದೀತೇ? ನಾನು ಹಿಂದಿನ ಪೊದೆಯಲ್ಲಿ ಅಡಗಿ ಕೆಮ್ಮುವುದೆಂದು ತೀರ್ಮಾನವಾಯಿತು. ಒಂದು ಕೆಮ್ಮಿಗೆ ಬೆಳ್ಳಕ್ಕಿ, ಎರಡಕ್ಕೆ ನೀರುಕಾಗೆ, ಮೂರಕ್ಕೆ ಗದ್ದೆಗೊರವ, ನಾಲ್ಕಕ್ಕೆ ಮಿಂಚುಳ್ಳಿ. ಸ್ಪ್ಯಾನರ್ ತಿರುಗಿಸುತ್ತ ತಿರುಗಿಸುತ್ತ ಅವನು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ.

ಆರಂಭ ಅಮೋಘವಾಗಿತ್ತು. ಗೂಟದ ಮೇಲೆ ರೆಕ್ಕೆ ಹರಡಿ ಕೂತದ್ದು ಯಾವುದೆಂದು ಡಾಕ್ಟರಮ್ಮ ಕೇಳಿದರು. ನಾನು ಎರಡು ಕೆಮ್ಮಿದೆ. ಇವನು ಗಂಭೀರವಾಗಿ ನೀರುಕಾಗೆ ಅಂದ. ಅವರು ಮೆಚ್ಚಿ ತಲೆದೂಗಿದರು. ಇವನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ದುರ್ಬೀನು ಕೊಡಲು ಬಂದರೆ, "ಬೇಡ ರೀ, ನನಗೆ ಬರಿಗಣ್ಣೇ ಸಾಕು" ಎಂದು ಬಿಂಕ ಬೇರೆ.

ನನ್ನ ಯೋಜನೆಯಲ್ಲಿ ಒಂದೇ ಒಂದು ಲೋಪವಿತ್ತು: ಚಳಿಗಾಲ. ಇಬ್ಬನಿಯಲ್ಲಿ ತೊಯ್ದ ಪೊದೆಯಲ್ಲಿ ಅಷ್ಟು ಹೊತ್ತು ಕೂತ ನನಗೆ ನಿಜವಾದ ಕೆಮ್ಮೇ ಹತ್ತಿಕೊಂಡಿತು. ಬಾಯಿಗೆ ಸೆರಗು ತುರುಕೋಣವೆಂದರೆ ನಾನು ಹಾಕಿದ್ದು ಸ್ವೆಟರು. ಇತ್ತ ಚಿಕ್ಕಪ್ಪ ಕರ್ತವ್ಯನಿಷ್ಠ. "ಬೆಳ್ಳಕ್ಕಿ... ಅಲ್ಲಲ್ಲ, ಗೊರವ... ಮಿಂಚುಳ್ಳಿ! ಮತ್ತೆ ಬೆಳ್ಳಕ್ಕಿ... ಎರಡು ನೀರುಕಾಗೆ..." ಎಂದು ಬೆವರುತ್ತ ಒದರತೊಡಗಿದ. ಆಗ ಎದುರಿಗಿದ್ದದ್ದು ಒಂದೇ ಒಂದು ಎಮ್ಮೆ. ಅದೂ ಹೋದ ವಾರ ಡಾಕ್ಟರಮ್ಮನೇ ಸೂಜಿ ಚುಚ್ಚಿದ ಎಮ್ಮೆ.

ಅವರು ದುರ್ಬೀನನ್ನು ಅವನ ಕೊರಳಿಗೆ ಹಾಕಿ, ಗದ್ದ ಹಿಡಿದು ಮುಖವನ್ನು ನೀರಿನ ಕಡೆ ತಿರುಗಿಸಿದರು. ಅಲ್ಲಿ ನುಣ್ಣನೆಯ ಕಂದುಬಣ್ಣದ ತಲೆಯೊಂದು ನೀರಿನಿಂದೆದ್ದಿತು. ಮೀನು ಕಚ್ಚಿಕೊಂಡು ಮರಳು ಹತ್ತಿದ ಅದರ ಮೇಲೆ ಎರಡು ಮರಿಗಳು ಉರುಳಿಬಿದ್ದವು. ಒಂದು ತಲೆ ಎಳೆದರೆ ಇನ್ನೊಂದು ಬಾಲ ಎಳೆಯಿತು. ಮೀನು ಜಾರಿ ನೀರಿಗೆ ಬಿತ್ತು. ತಾಯಿ ಇಬ್ಬರಿಗೂ ಒಂದೊಂದು ಬಿಗಿದು ಮತ್ತೆ ಮುಳುಗಿತು, ಥೇಟ್ ನಿನ್ನ ಹಾಗೆ.

ಚಿಕ್ಕಪ್ಪ ಉಸಿರಾಡುವುದನ್ನೇ ಮರೆತ. ಡಾಕ್ಟರಮ್ಮನನ್ನು ಮರೆತ, ನಿನ್ನ ಕೋಲನ್ನೂ ಮರೆತ. ಪೊದೆಯ ಕಡೆ ತಿರುಗಿ, ಕಣ್ಣರಳಿಸಿ, ಇಡೀ ದಂಡೆಗೆ ಕೇಳುವಂತೆ ಕೂಗಿದ:

"ಏ ಚಿನಕುರಳೀ! ಇದಕ್ಕೆ ಎಷ್ಟು ಕೆಮ್ಮೇ?"

ತಲೆಯ ತುಂಬ ಮುಳ್ಳು ಸಿಕ್ಕಿಸಿಕೊಂಡು ನಾನು ಎದ್ದು ನಿಂತೆ. ಮ್ಯಾನೇಜರು ಏಡಿಯನ್ನು ಬಿಟ್ಟು ನಮ್ಮನ್ನು ನೋಡತೊಡಗಿದರು. ಚಿಕ್ಕಪ್ಪನ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಅದು ನೀರುನಾಯಿ" ಅಂದರು ಡಾಕ್ಟರಮ್ಮ. "ಅದಕ್ಕೆ ಕೆಮ್ಮಿಲ್ಲ. ಸುಮ್ನೆ ನೋಡ್ಬೇಕು."

ಆಗ ನಿನ್ನ ಮಗ ನೆಲ ನೋಡುತ್ತ ಹೇಳಿದ: "ನಂಗೆ ಹಕ್ಕಿಪಕ್ಕಿ ಏನೂ ಗೊತ್ತಿಲ್ಲ ರೀ. ನೀವು ಬರ್ತೀರಿ ಅಂತ ಬಂದೆ ಅಷ್ಟೆ."

ಇದನ್ನು "ಬಾಯಿಬಿಟ್ಟು ಕೇಳಿದ" ಎಂಬ ಲೆಕ್ಕಕ್ಕೆ ಹಿಡಿಯಬಹುದೋ ಇಲ್ಲವೋ ಹಿರಿಯಳಾದ ನೀನೇ ತೀರ್ಪು ಕೊಡು. ಡಾಕ್ಟರಮ್ಮ ನಕ್ಕ ರಭಸಕ್ಕೆ ಕೆಸರುಬಯಲಿನ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ನಕ್ಕು ಮುಗಿದ ಮೇಲೆ, ಮುಂದಿನ ಭಾನುವಾರವೂ ಬನ್ನಿ, ಆದರೆ ಕೆಮ್ಮನ್ನು ಮನೆಯಲ್ಲೇ ಬಿಟ್ಟು ಬನ್ನಿ ಅಂದರು. ದುರ್ಬೀನನ್ನು ವಾಪಸು ಕೇಳಲಿಲ್ಲ. ಇವನು ಕೊಡಲೂ ಇಲ್ಲ. ಈಗ ತಾರಸಿಯ ಮೇಲೆ ಕೂತು ನೀರಿನ ಟ್ಯಾಂಕಿನ ಕಾಗೆಯನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದಾನೆ.

ಆದ್ದರಿಂದ ಕೋಲನ್ನು ಮೂಲೆಗೆ ಒರಗಿಸಿ ಇನ್ನೊಂದೆರಡು ವಾರ ತಾಳ್ಮೆಯಿಂದಿರಬೇಕೆಂದು ಕಳಕಳಿಯ ವಿನಂತಿ.

ಇಂತಿ, ಕಷಾಯ ಕುಡಿಯುತ್ತಿರುವ ನಿನ್ನ ಮೊಮ್ಮಗಳು,
ಚಿನಕುರಳಿ

ತಾ.ಕ.: ಇದನ್ನು ಮಾತ್ರ ಚಿಕ್ಕಪ್ಪನಿಗೆ ಹೇಳಬೇಡ. ಹೋದ ತಿಂಗಳಿಂದ ಡಾಕ್ಟರಮ್ಮ ನನ್ನನ್ನು ಸಂಜೆ ಕರೆಸಿಕೊಂಡು ದೋಣಿ ಇಂಜಿನ್ನಿನ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ. ಪಿಸ್ಟನ್ ಯಾವುದು, ಪಂಪ್ ಯಾವುದು ಎಂದು ಅವರಿಗೆ ಇನ್ನೂ ಗೊಂದಲ. ನಾಳೆ ಶೆಡ್ಡಿಗೆ ಹೋಗುತ್ತಾರಂತೆ. ಇವತ್ತು ಹೊರಡುವಾಗ ನನ್ನ ಕಿವಿ ಹಿಂಡುವ ನೆಪದಲ್ಲಿ ಬಗ್ಗಿ, "ಡೀಸೆಲ್ ಡ್ರಮ್ಮಿನ ಹಿಂದೆ ಕೂತ್ಕೋತೀಯಾ? ಕೆಮ್ಮು ಬೇಡ, ಅದು ಅವರಿಗೆ ಗೊತ್ತಾಯ್ತು. ಸೀನು" ಅಂದರು.