ಮೊಣಕಾಲಿಗೆ ಕಟ್ಟಿದ ಅರಿವೆ

ಡೆಹ್ರಾಡೂನ್
ಫೆಬ್ರುವರಿ ೧೨

ಅವ್ವಾ,

ಕಾಲು ಉಳುಕಿದೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಹಿಮದ ಮೇಲೆ ಸ್ಕೀ ಮಾಡುವಾಗ ಬಿದ್ದು ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಗಿದೆ. ಈ ವರ್ಷದ ಸ್ಪರ್ಧೆಗಳು ಮುಗಿದ ಹಾಗೆ.

ಮೊದಲೇ ನೋಯುತ್ತಿತ್ತು. ಕೋಚ್‌ಗೆ ಹೇಳದೆ, ನೀನು ಹಲಗೆ ತುಳಿಯಲು ಮಗ್ಗದ ಕುಣಿಗೆ ಇಳಿಯುವಾಗ ಕಟ್ಟಿಕೊಳ್ಳುವಂತೆ, ಮೊಣಕಾಲಿಗೆ ಅರಿವೆ ಬಿಗಿದುಕೊಂಡು ಹೋಗಿದ್ದೆ.

ಈಗ ದವಾಖಾನೆಯಲ್ಲಿ ದಿನಾ ಹಲಗೆ ತುಳಿಸುತ್ತಾರೆ, ಥೇಟ್ ನಿನ್ನ ಮಗ್ಗದ ಹಾಗೆ. ನರ್ಸ್ ಇಪ್ಪತ್ತು ಎಣಿಸುವಷ್ಟರಲ್ಲಿ ಕಣ್ಣೀರು ಬರುತ್ತದೆ. ಕಳೆದ ಸಲ ಊರಿಗೆ ಬಂದಾಗ "ಮೊಣಕಾಲ ಭಾಳ ಹಿಡದಾವ, ಒಂದ್ ತಾಸ ಮಗ್ಗಕ್ಕ ನೀ ಕೂಡವಾ" ಎಂದು ನೀನು ಕೇಳಿದ್ದೆ. "ನನ್ನ ಕಾಲ ಆಟಕ್ಕ ಬೇಕು" ಎಂದಿದ್ದೆ ನಾನು.

ಏಪ್ರಿಲ್‌ನಲ್ಲಿ ಗಜೇಂದ್ರಗಡಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಕುಣಿಗೆ ಇಳಿಯಬೇಡ. ಆಮೇಲೆ ತುಳಿಯುವುದು ನಾನು. ನೀನು ಮೇಲೆ ಕುಳಿತು ಎಣಿಸು.

ನಿನ್ನ ಮಗಳು,
ದೇವಿಕಾ