ಇ ಡಬ್ಬಿಯೊಳಗಿನ ಮನೆ

ನವೆಂಬರ್ 10, ಸೋಮವಾರ

ಸಾರಿ. ಇನ್ನು ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತಿದ್ದೇನೆ. ಯಾರಿಗೆ ಸಾರಿ ಹೇಳುತ್ತಿದ್ದೇನೋ ಗೊತ್ತಿಲ್ಲ. ಹೈಸ್ಕೂಲ್ ಹಾಸ್ಟೆಲಿನಲ್ಲಿ ವಾರ್ಡನ್ ನನ್ನ ಡೈರಿಯನ್ನು ಊಟದ ಕೋಣೆಯಲ್ಲಿ ಎಲ್ಲರೆದುರು ಓದಿದರು. ಅಂದಿನಿಂದ ಪೆನ್ನು ಹಿಡಿದರೆ ಮೊದಲು ಬರುವ ಶಬ್ದ ಇದೇ.

ನಿನ್ನೆ ಎಣಿಕೆ ಆಟಕ್ಕೆಂದು ತೆಂಗಿನ ಗೆರಟೆ ಉಜ್ಜಿದ್ದೆ. ಚಿಪ್ಪಿನ ನಾರು ಉಗುರಿನೊಳಗೆ ಹೋಗಿ ಇನ್ನೂ ಉರಿ. ನಾಳೆ ಚಿತ್ತರಂಜನ ಸರ್ ನನ್ನ ಪಾಠದ ಅಬ್ಸರ್ವೇಶನ್‌ಗೆ ಬರುತ್ತಾರೆ. ಕಾಲೇಜಿನಲ್ಲಿ ನಮಗೆ ಕನ್ನಡ ಪಾಠ ಮಾಡುವ ಮೆಥಡ್ ಕಲಿಸುವವರು. ಮೈಸೂರು ಕಡೆಯವರು, ಈ ಜೂನಿನಲ್ಲಷ್ಟೇ ಬಂದದ್ದು. ಟೀಚರ್ ಟ್ರೈನಿಂಗಿನ ಮೊದಲ ವರ್ಷ, ಮೊದಲ ಅಬ್ಸರ್ವೇಶನ್.

ಇವತ್ತು ಕಾವೂರಿನ ಶಾಲೆಯಲ್ಲಿ, ಒಂದನೇ ಕ್ಲಾಸಿನಲ್ಲಿ, ಗೆರಟೆಗಳಲ್ಲಿ ಕೆಂಪು ಮಂಜೊಟ್ಟಿ ಬೀಜ ಹಾಕಿ ಎಣಿಸುವ ಆಟ. ಬೇಕೆಂದೇ ಒಂದು ಗೆರಟೆ ಖಾಲಿ ಇಟ್ಟಿದ್ದೆ. ಇದರಲ್ಲಿ ಎಷ್ಟುಂಟು? ಮೋಕ್ಷಾ ಎಂಬ ಪುಟ್ಟಿ ಎದ್ದು ಬಂದು ಗೆರಟೆಯನ್ನು ಕವುಚಿ, ಬೆನ್ನಿಗೆ ಎರಡು ಪೆಟ್ಟು ಕೊಟ್ಟು, "ಇಜ್ಜಿ ಮಿಸ್" ಎಂದಳು. ತುಳುವಿನಲ್ಲಿ 'ಇಲ್ಲ'. ಸೊನ್ನೆಯನ್ನು ಇಷ್ಟು ಚೆಂದಕ್ಕೆ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಜೋರಾಗಿ ನಕ್ಕುಬಿಟ್ಟೆ.

ನಾಳೆ ಅಕ್ಷರ. ಎರಡು ಶೂ ಡಬ್ಬಿ — ಒಂದರ ಮೇಲೆ ಇ, ಇನ್ನೊಂದರ ಮೇಲೆ ಮ. ಚಿತ್ರ ಎತ್ತಬೇಕು, ಹೆಸರು ಹೇಳಬೇಕು, ಹೆಸರಿನ ಮೊದಲ ಅಕ್ಷರದ ಡಬ್ಬಿಗೆ ಹಾಕಬೇಕು. ಇಲಿ, ಇರುವೆ, ಮೀನು, ಮನೆ. ರೂಮ್‌ಮೇಟ್ ಹನಾನ್ ಬಣ್ಣ ಹಾಕಿಕೊಟ್ಟಳು.

"ಇದು ಇಲಿಯಾ ಮಾರಾಯ್ತಿ, ನಿನ್ನ ಸರ್ರಾ?"

"ಮೀಸೆ ಸ್ವಲ್ಪ ಕಮ್ಮಿ ಮಾಡು" ಎಂದೆ.

ನವೆಂಬರ್ 11, ಮಂಗಳವಾರ

ಹಾಳಾಯಿತು. ಪೂರ್ತಿ ಹಾಳಾಯಿತು.

ಚೆನ್ನಾಗಿಯೇ ಶುರುವಾದದ್ದು. ತಟ್ಟೆಯ ಮರಳಿನಲ್ಲಿ ಬೆರಳಿಂದ ಇ ಬರೆಸಿದೆ. ಸರ್ ತಲೆಯಾಡಿಸಿದರು. ಕ್ಲಾಸ್ ಟೀಚರ್ ನೀರಜಾಕ್ಷಿಯವರು ಬಿಸಿಯೂಟ ನೋಡಲು ಹೋಗಿದ್ದರು, ಒಳಗೆ ನಾನು, ಸರ್, ಮಕ್ಕಳು ಮಾತ್ರ. ಮೋಕ್ಷಾಳ ಸರದಿ ಬಂತು. ಮನೆಯ ಚಿತ್ರ ಎತ್ತಿದಳು, ಸೀದಾ ಇ ಡಬ್ಬಿಗೆ ಹಾಕಿದಳು.

ಸರ್ ಅದನ್ನು ಹೊರಗೆ ತೆಗೆದರು. "ಏನಮ್ಮ ಇದು?"

"ಇಲ್ಲ."

"ಇಲ್ಲ ಅಂದ್ರೆ? ಸರ್ಯಾಗಿ ನೋಡು. ಏನಿದು?"

"ಇಲ್ಲ!"

"ನೋಡೋದೇ ಇಲ್ಲ ಅಂತೀಯಾ?"

"ಇಲ್ಲ! ಇಲ್ಲ!" ಮೂಗು ಕೆಂಪಾಗಿತ್ತು. ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು.

ನನಗೂ ಸಿಟ್ಟು ಬಂತು. "ಸರ್ ಹತ್ರ ಹಾಗೆಲ್ಲ ಇಲ್ಲ ಇಲ್ಲ ಹೇಳ್ತಾರಾ? ಮನೆ ಅನ್ನು" ಎಂದೆ. ಅವಳು ನನ್ನನ್ನೇ ದಿಟ್ಟಿಸಿದಳು, ನಾನು ಬೇರೆ ಯಾರೋ ಎಂಬಂತೆ. ಆಮೇಲೆ ಬೆಂಚಿನಡಿ ಹೋಗಿ ಕೂತಳು. ಬೆಲ್ ಆಗುವವರೆಗೂ ಹೊರಗೆ ಬರಲಿಲ್ಲ.

ಹೋಗುವಾಗ ಸರ್ ನೀರಜಾಕ್ಷಿ ಟೀಚರಿಗೆ, "ಆ ಮಗು ಒಂದನೇ ಕ್ಲಾಸಿಗೆ ರೆಡಿ ಇಲ್ಲ ಮೇಡಂ. ಮನೆ ಕೂಡ ಗುರುತಿಸಲ್ಲ, ಮೇಲಿಂದ ಹಠ" ಎಂದರು. ನನಗೆ — "ನಿಮಗೆ ಕ್ಲಾಸ್ ಕಂಟ್ರೋಲ್ ಇಲ್ಲ."

ಎಷ್ಟು ಕಷ್ಟಪಟ್ಟಿದ್ದೆ. ಒಂದು ಹುಡುಗಿಯ ಹಠಕ್ಕೆ ಎಲ್ಲ ಹೋಯಿತು. ಡಬ್ಬಿಗಳನ್ನು ಮಂಚದ ಅಡಿಗೆ ಒದ್ದೆ.

ನವೆಂಬರ್ 13, ಗುರುವಾರ

ಮೋಕ್ಷಾಳ ಅಮ್ಮನನ್ನು ಕರೆಸಿದ್ದರು. ನಳಿನಾಕ್ಷಿ. ಹಂಪನಕಟ್ಟೆಯ ಫ್ಯಾನ್ಸಿ ಅಂಗಡಿಯಲ್ಲಿ ಕೆಲಸ, ಅರ್ಧ ದಿನ ರಜೆ ಹಾಕಿ ಬಂದಿದ್ದರು.

ನೀರಜಾಕ್ಷಿ ಟೀಚರ್ ಹೇಳಿದರು, "ಬುಧವಾರದಿಂದ ಯುಕೆಜಿಯಲ್ಲಿ ಕೂರಲಿ. ಬರುವ ವರ್ಷ ಪುನಃ ಒಂದನೇ ಕ್ಲಾಸ್. ದೊಡ್ಡ ವಿಷಯ ಅಲ್ಲ."

"ಅವಳ ತಮ್ಮ ಉಂಟು ಟೀಚರ್ ಯುಕೆಜಿಯಲ್ಲಿ! ತಮ್ಮನೊಟ್ಟಿಗೆ ಕೂರಿಸುವುದಾ?"

"ಕಾಲೇಜಿನ ಸರ್ರೇ ನೋಡಿ ಹೇಳಿದ್ದು. ಮನೆ ಚಿತ್ರ ತೋರ್ಸಿದ್ರೆ ಹೇಳ್ಲಿಕ್ಕೆ ಆಗುವುದಿಲ್ಲ ಅವಳಿಗೆ."

ನಳಿನಾಕ್ಷಿ ಮಗಳ ಕಿವಿ ಹಿಂಡಿದರು. "ಮನೆ ಗೊತ್ತಿಲ್ವಾ ನಿಂಗೆ? ಎಲ್ಲಿ ಮಲಗುವುದು ನೀನು, ಬಸ್‌ಸ್ಟ್ಯಾಂಡಲ್ಲಾ?" ಮೋಕ್ಷಾ ಅಳಲಿಲ್ಲ. ಅದೇ ನೋಡಲಾಗಲಿಲ್ಲ. ನಾನು ಕಪ್ಪುಹಲಗೆ ಒರೆಸುತ್ತಾ ನಿಂತಿದ್ದೆ. ಒರೆಸಿದ್ದನ್ನೇ ಒರೆಸಿದೆ.

ನವೆಂಬರ್ 15, ಶನಿವಾರ, ಮಧ್ಯಾಹ್ನ

ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಸಿಟ್ಟಿನಿಂದ.

ಅಮ್ಮನಿಗೆ ಫೋನ್ ಮಾಡಿದ್ದೆ. ಈ ವಾರ ಬರುವುದಿಲ್ಲ, ರೆಕಾರ್ಡ್ ಬರೆಯಲಿಕ್ಕುಂಟು ಎಂದು. ಪ್ರತಿ ಸಲ ಹೇಳುವ ಅದೇ ಮಾತು — "ಈ ವಾರ ಇಲ್ಲಡೆ ಬರ್ಪುಜಿ ಅಮ್ಮ." ಮನೆಗೆ ಬರುವುದಿಲ್ಲ.

ಇಲ್ಲಡೆ. ಮನೆಗೆ. ಇಲ್ಲ್ — ಮನೆ.

ಫೋನ್ ಹಿಡಿದುಕೊಂಡೇ ಕಲ್ಲಾದೆ. "ಎಂತಾಂಡ್? ಹಲೋ?" ಅಂತ ಅಮ್ಮ ಕೇಳುತ್ತಲೇ ಇದ್ದರು. ಎಂತಾಯಿತು ಎಂದು ಹೇಳಲಿ?

ಅವಳು ಇಲ್ಲ ಎನ್ನಲೇ ಇಲ್ಲ. ಇಲ್ಲ್ ಎಂದಳು. ಮನೆ ತೋರಿಸಿದರು, ಮನೆ ಎಂದಳು. ಮತ್ತೆ ಕೇಳಿದರು, ಮತ್ತೆ ಹೇಳಿದಳು. ಇ ಡಬ್ಬಿಗೆ ಹಾಕಿದ್ದೂ ಸರಿ! ಹೆಸರು ಹೇಳು, ಮೊದಲ ಅಕ್ಷರದ ಡಬ್ಬಿಗೆ ಹಾಕು — ನಾನೇ ಕಲಿಸಿದ ಆಟ, ನಾನು ಹೇಳಿದ ಹಾಗೆಯೇ ಆಡಿದಳು. ಮಕ್ಕಳು ನಕ್ಕದ್ದು ಅವಳನ್ನು ನೋಡಿ ಅಲ್ಲ. ನಮ್ಮಿಬ್ಬರನ್ನು ನೋಡಿ.

ಅವಳಿಗೆ 'ಇಲ್ಲ' ಹೇಳಲಿಕ್ಕಿದ್ದರೆ 'ಇಜ್ಜಿ' ಹೇಳುತ್ತಿದ್ದಳು. ಹಿಂದಿನ ದಿನವಷ್ಟೇ ಗೆರಟೆ ಕವುಚಿ ಹೇಳಿದ್ದಳಲ್ಲ! ಅದು ಅರ್ಥವಾಗಿತ್ತು ನನಗೆ. ಸರ್ ಹಿಂದೆ ಕೂತದ್ದೇ ನನ್ನ ಕಿವಿಯಿಂದ ತುಳು ಹೊರಟೇ ಹೋಯಿತು. ಹೈಸ್ಕೂಲ್ ಹಾಸ್ಟೆಲಿನಲ್ಲಿ ತುಳು ಮಾತಾಡಿದರೆ ಕುತ್ತಿಗೆಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರು, ಇನ್ನೊಬ್ಬಳು ಸಿಕ್ಕಿಬೀಳುವವರೆಗೆ. ಅದನ್ನು ತೆಗೆದು ಎಷ್ಟೋ ವರ್ಷ ಆಯಿತು ಎಂದುಕೊಂಡಿದ್ದೆ.

ಸರ್ರಿಗೆ ತುಳು ಬರುವುದಿಲ್ಲ, ಸರಿ. ನನಗೆ? ಅರ್ಚಕರ ಮಗಳು, ಹುಟ್ಟಿದಾಗಿನಿಂದ ತುಳು. ನನಗೆಂತ ಬಡಿದಿತ್ತು?

ಹನಾನ್‌ಗೆ ಹೇಳಿದೆ. ಮೊದಲು ನಕ್ಕಳು. ಆಮೇಲೆ, "ಮತ್ತೆ ಇಲ್ಲೆಂತ ಬರೀತಾ ಕೂತಿದ್ದಿ? ಹೋಗಿ ಹೇಳು" ಎಂದಳು.

ನವೆಂಬರ್ 17, ಸೋಮವಾರ

ಹೇಳಿದೆ.

ನೀರಜಾಕ್ಷಿ ಟೀಚರ್ ಟಿಫಿನ್ ಬಾಕ್ಸ್ ಮುಚ್ಚಿದರು. "ಇಲ್ಲ್ ಅಂದಳಾ?" ಹಣೆಗೆ ಕೈ ಹೊಡೆದುಕೊಂಡರು. "ಅಯ್ಯೋ ದೇವರೇ. ನಾನಿದ್ದಿದ್ರೆ ಗೊತ್ತಾಗ್ತಿತ್ತು."

"ಹಾಗಾದ್ರೆ ಯುಕೆಜಿ ಬೇಡ ಅಲ್ವಾ ಟೀಚರ್?"

"ಅದು ಹೇಗಾಗ್ತದೆ? ಸರ್ ಹೇಳಿದ ಮೇಲೆ ಹೆಡ್‌ಮಿಸ್ಸಿಗೆ ತಿಳಿಸಿ ಆಗಿದೆ. ಫಸ್ಟ್ ಇಯರಿನ ಹುಡುಗಿ ಹೇಳಿದ್ಳು ಅಂತ ಬದಲು ಮಾಡ್ಲಿಕ್ಕಾಗ್ತದಾ? ಸರ್ರೇ ಹೇಳ್ಲಿ, ನಾಳೆಯೇ ಯುಕೆಜಿ ಮಾತು ಬಿಡ್ತೇನೆ. ಮತ್ತೆ... ಶಾಲೆಯಲ್ಲಿ ತುಳು ಹೇಳಿದ್ರೆ ಕನ್ನಡ ಯಾವಾಗ ಕಲಿಯುವುದು ತನ್ಮಯಿ?"

"ಕಲಿಸ್ಲಿಕ್ಕೇ ಅಲ್ವಾ ಟೀಚರ್ ನಾವಿರುವುದು?" ಸ್ವರ ಏರಿತು. ಇಷ್ಟು ಜೋರಾಗಿ ಯಾವ ಟೀಚರ್ ಹತ್ತಿರವೂ ಮಾತಾಡಿದವಳಲ್ಲ ನಾನು. ಆದರೂ ಅಲ್ಲೇ ನಿಂತೆ. ಅವರು ಟಿಫಿನ್ ಬಾಕ್ಸ್ ಚೀಲಕ್ಕೆ ಹಾಕಿ ಎದ್ದು ಹೋದರು.

ಮಕ್ಕಳು ಆಡಲು ಹೋದ ಮೇಲೆ ಮೋಕ್ಷಾಳ ಹತ್ತಿರ ಕೂತೆ. ಎರಡು ಡಬ್ಬಿ ಇಟ್ಟೆ. ಮನೆಯ ಚಿತ್ರ ಕೊಟ್ಟೆ. ತುಳುವಿನಲ್ಲೇ ಕೇಳಿದೆ, "ಉಂದು ದಾದ ಮೋಕ್ಷಾ?" ಇದೇನು?

ಚಿತ್ರ ನೋಡಿದಳು. ಬಾಗಿಲ ಕಡೆ ನೋಡಿದಳು. ಚಿತ್ರವನ್ನು ಕವುಚಿ ನೆಲದ ಮೇಲಿಟ್ಟಳು.

"ಗೊತ್ತಿಲ್ಲ ಮಿಸ್."

ಅಚ್ಚ ಕನ್ನಡ. ಒಂದು ತಪ್ಪಿಲ್ಲ.

ಅದೇ ದಿನ, ಸಂಜೆ

ಸರ್ರಿಗೆ ಫೋನ್ ಮಾಡಿದೆ. "ಮೀಟಿಂಗಲ್ಲಿದೀನಮ್ಮ, ಮೆಸೇಜ್ ಹಾಕು" — ಕಟ್. ನಾಳೆ ಒಂದೇ ದಿನ ಉಳಿದದ್ದು. ಕಳಿಸುವ ಮೊದಲು ಇಲ್ಲಿ ಬರೆದು ನೋಡುತ್ತೇನೆ. 'ಸಾರಿ ಸರ್' ಎಂದು ಶುರು ಮಾಡಿದ್ದೆ. ಹೊಡೆದುಹಾಕಿದೆ.

ಸರ್, ನಾನು ತನ್ಮಯಿ, ಫಸ್ಟ್ ಇಯರ್. ಮಂಗಳವಾರ ಮೋಕ್ಷಾ ಹಠ ಮಾಡಲಿಲ್ಲ. ನೀವು ಮನೆ ತೋರಿಸಿದಿರಿ, ಅವಳು ಮನೆ ಎಂದೇ ಹೇಳಿದಳು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಡಬ್ಬಿಯೂ ಸರಿ. ತಪ್ಪು ಕೇಳಿಸಿಕೊಂಡದ್ದು ನಾವಿಬ್ಬರು, ಅದರಲ್ಲೂ ನಾನು. ಬುಧವಾರದಿಂದ ಅವಳನ್ನು ತಮ್ಮನ ಜೊತೆ ಯುಕೆಜಿಯಲ್ಲಿ ಕೂರಿಸುತ್ತಾರೆ. ಈಗ ಅವಳು ಏನು ಕೇಳಿದರೂ ಗೊತ್ತಿಲ್ಲ ಎನ್ನುತ್ತಾಳೆ. ನಾಳೆ ಬೆಳಿಗ್ಗೆ ಬೆಲ್ ಆಗುವ ಮೊದಲು ನೀರಜಾಕ್ಷಿ ಟೀಚರಿಗೆ ಒಂದು ಫೋನ್ ಮಾಡಿ ಹೇಳಿ. ಬೇಗ ಉತ್ತರ ಕೊಡಿ ಸರ್.