ನಂದು, ನಿಂದು

ಭಾನುವಾರ, ಜೂನ್ 14

ಮೊಣಕಾಲು ಕುಂಬಳಕಾಯಿ ಹಾಗೆ ಊದಿದೆ, ನಗು ಮಾತ್ರ ನಿಲ್ಲುತ್ತಿಲ್ಲ. ನನ್ನ ಕೊನೆಯ ಪಂದ್ಯ, ಅದೂ ಟೆನಿಸ್ ಡಬಲ್ಸ್ ಫೈನಲ್, ಗೆದ್ದದ್ದು ಚೆಂಡು ಮುಟ್ಟದೆ!

ಹದಿನೇಳು ವರ್ಷ ನನ್ನ, ನನ್ನ ಜೊತೆಗಾತಿಯ ನಡುವೆ ಬಂದ ಚೆಂಡಿಗೆಲ್ಲ "ನಂದು!" ಅಂತ ಕೂಗಿ ನುಗ್ಗಿದವಳು ನಾನು. ಇವತ್ತು ಕೊನೇ ಪಾಯಿಂಟಿಗೆ ಕಾಲೇ ಏಳಲಿಲ್ಲ. "ನಿಂದು!" ಅಂದೆ. ಅವಳು ಅಭ್ಯಾಸಬಲದಿಂದ "ನಂದು" ಅಂತಲೇ ಕೇಳಿಸಿಕೊಂಡು ಪಕ್ಕಕ್ಕೆ ಸರಿದಳು. ಇಬ್ಬರೂ ಪಿಳಿಪಿಳಿ ಕಣ್ಣು ಬಿಟ್ಟು ನಿಂತೆವು. ಚೆಂಡು ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು. ಔಟ್!

"ಹೊಡೆದಿದ್ರೆ ಕೆಟ್ಟಿದ್ವಿ ಕಣೇ!" ಅಂತ ತಬ್ಬಿಕೊಂಡೆ.

ಆಮೇಲೆ ಕಪ್ಪನ್ನು ಅವಳ ಚೀಲಕ್ಕೆ ತುರುಕಿ, ಬಿಡಿಸಿ ಹೇಳಿದೆ: "ನಿಂದು."

"ಸರಿಯಾಗಿ ಕೇಳಿಸಲಿಲ್ಲ ಅಕ್ಕಾ," ಅಂತ ಕಣ್ಣೊರೆಸಿಕೊಂಡಳು.

ನಾಲ್ಕು ಸಲ ಹೇಳಿಸಿದಳು, ಕಳ್ಳಿ.